ಬೇರೆಯವರ ಹಾಡು ಹಾಡುವುದು ತಪ್ಪಲ್ಲ, ಹೆಸರು ನುಂಗುವುದು ತಪ್ಪು

ಕವರ್ ಸಾಂಗ್ ಅಂದರೆ ನಮ್ಮಲ್ಲಿ ಸ್ವಲ್ಪ ಕೀಳಾಗಿಯೇ ನೋಡುತ್ತೇವೆ. ಸ್ವಂತ ಹಾಡು ಕಟ್ಟಲು ಆಗದವರು ಬೇರೆಯವರ ಹಾಡು ಹಾಡಿ ಹೆಸರು ಮಾಡುತ್ತಾರೆ ಅನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳಲು ಇಂಗ್ಲೆಂಡಿನ ಒಂದು ತಂಡದ ಕಥೆ ಹೇಳಬೇಕು. ಕಥೆಯಲ್ಲಿ ದುಡ್ಡಿನ ಲೆಕ್ಕವೂ ಇದೆ, ಒಬ್ಬ ಮುದುಕ ಗಾಯಕನ ಬದುಕೂ ಇದೆ.

ತಂಡದ ಹೆಸರು ಯುಬಿ40. ಇದೇನು ಹೆಸರು, ಬಸ್ಸಿನ ನಂಬರ್ ಇದ್ದ ಹಾಗಿದೆ ಅನ್ನಬಹುದು. ಬ್ರಿಟನ್‌ನಲ್ಲಿ ಕೆಲಸವಿಲ್ಲದವರು ಸರ್ಕಾರದಿಂದ ಭತ್ಯೆ ಪಡೆಯಲು ಇಟ್ಟುಕೊಳ್ಳಬೇಕಾಗಿದ್ದ ಕಾರ್ಡಿನ ಹೆಸರು ಅದು: ಅನ್‌ಎಂಪ್ಲಾಯ್‌ಮೆಂಟ್ ಬೆನಿಫಿಟ್, ಫಾರ್ಮ್ 40. ಬರ್ಮಿಂಗ್‌ಹ್ಯಾಮ್ ಊರಿನ ಎಂಟು ಜನ ಹುಡುಗರು 1978ರಲ್ಲಿ ತಂಡ ಕಟ್ಟಿದಾಗ ಅವರಲ್ಲಿ ಬಹುತೇಕರ ಜೇಬಿನಲ್ಲಿ ಇದ್ದದ್ದು ಅದೇ ಕಾರ್ಡು. ಅದನ್ನೇ ಹೆಸರಾಗಿ ಇಟ್ಟುಕೊಂಡರು. ಮೊದಲ ಆಲ್ಬಂ 1980ರಲ್ಲಿ ಬಂದಾಗ ಅದರ ಹೊದಿಕೆಯ ಮೇಲೂ ಆ ಹಳದಿ ಕಾರ್ಡಿನದೇ ಚಿತ್ರ.

ವಾದ್ಯ ಕೊಳ್ಳಲು ದುಡ್ಡು ಎಲ್ಲಿಂದ ಬಂತು ಗೊತ್ತೇ? ಮುಖ್ಯ ಗಾಯಕ ಅಲಿ ಕ್ಯಾಂಪ್‌ಬೆಲ್ ತನ್ನ 17ನೇ ಹುಟ್ಟುಹಬ್ಬದ ದಿನ ಒಂದು ಬಾರ್‌ನಲ್ಲಿ ನಡೆದ ಜಗಳದಲ್ಲಿ ಮುಖಕ್ಕೆ ಗಾಯ ಮಾಡಿಕೊಂಡಿದ್ದ. ಅಪರಾಧದಲ್ಲಿ ಗಾಯಗೊಂಡವರಿಗೆ ಅಲ್ಲಿ ಸರ್ಕಾರ ಪರಿಹಾರ ಕೊಡುತ್ತದೆ. ಆ ಪರಿಹಾರದ ದುಡ್ಡಿನಲ್ಲಿ ಗಿಟಾರು, ಡ್ರಮ್ಮು ಬಂದವು. ಆಗ ತಂಡದ ಹಲವರಿಗೆ ನುಡಿಸಲೂ ಸರಿಯಾಗಿ ಬರುತ್ತಿರಲಿಲ್ಲ.

ಅವರು ನುಡಿಸಿದ್ದು ರೆಗೆ. ಜಮೈಕಾ ಎಂಬ ಪುಟ್ಟ ದ್ವೀಪದ ಸಂಗೀತ. ಬಾಬ್ ಮಾರ್ಲಿಯ ಉದ್ದ ಜಡೆಯ ಚಿತ್ರವನ್ನು ಟೀ ಶರ್ಟ್ ಮೇಲೆ, ಆಟೋದ ಹಿಂದೆ ನೀವು ನೋಡಿರುತ್ತೀರಿ. ಅವನದೂ ಇದೇ ಸಂಗೀತ. ನಾವು ಸಾಮಾನ್ಯವಾಗಿ ಚಪ್ಪಾಳೆ ತಟ್ಟುವ ಜಾಗ ಬಿಟ್ಟು, ಎರಡು ಚಪ್ಪಾಳೆಯ ನಡುವಿನ ಖಾಲಿ ಜಾಗದಲ್ಲಿ ಗಿಟಾರು "ಚಕ್" ಎಂದು ಬೀಳುತ್ತದೆ. ಕೆಳಗಡೆ ಬೇಸ್ ಗಿಟಾರು ಎದೆಗೆ ಬಡಿಯುವ ಹಾಗೆ ನಡೆಯುತ್ತದೆ. ಜಮೈಕಾದಲ್ಲಿ ಈ ಹಾಡುಗಳು ಮನೆ ಮನೆ ತಲುಪಿದ್ದು ರೇಡಿಯೊಗಿಂತ ಹೆಚ್ಚಾಗಿ ಸೌಂಡ್ ಸಿಸ್ಟಂ ಮೂಲಕ. ಅಂದರೆ ಬೀದಿಯಲ್ಲಿ ಬೀರುವಿನಷ್ಟು ಎತ್ತರದ ಸ್ಪೀಕರ್ ಪೇರಿಸಿ ರೆಕಾರ್ಡು ಹಾಕಿ ಕುಣಿಯುವುದು. ನಮ್ಮ ಜಾತ್ರೆ, ಗಣಪತಿ ಮೆರವಣಿಗೆಯ ಡಿಜೆ ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಕೆಲಸ ಹುಡುಕಿ ಜಮೈಕಾದಿಂದ ಬರ್ಮಿಂಗ್‌ಹ್ಯಾಮ್‌ಗೆ ವಲಸೆ ಬಂದವರು ಹಾಡುಗಳನ್ನೂ ಜೊತೆಗೆ ತಂದರು. ಬಾಲ್ಸಲ್ ಹೀತ್ ಎಂಬ ಬಡ ಬಡಾವಣೆಯಲ್ಲಿ ಬೆಳೆದ ಅಲಿ ಮತ್ತು ಅವನ ಅಣ್ಣ ರಾಬಿನ್ ಕೇಳುತ್ತ ಬೆಳೆದದ್ದು ಅಕ್ಕಪಕ್ಕದ ಮನೆಗಳಿಂದ ಬರುತ್ತಿದ್ದ ಈ ಹಾಡುಗಳನ್ನೇ. ಅವರ ತಂದೆ ಇಯಾನ್ ಕ್ಯಾಂಪ್‌ಬೆಲ್ ಸ್ಕಾಟ್‌ಲೆಂಡ್ ಮೂಲದ ಹೆಸರಾಂತ ಜನಪದ ಗಾಯಕ. ಆದರೆ ಮಕ್ಕಳಿಗೆ ಅಪ್ಪನ ಹಾಡಿಗಿಂತ ಪಕ್ಕದ ಮನೆಯ ಹಾಡೇ ರುಚಿಸಿತು. ತಂಡದಲ್ಲಿ ಬಿಳಿಯರಿದ್ದರು, ಜಮೈಕಾ ಮೂಲದವರಿದ್ದರು, ಯೆಮನ್ ಮೂಲದವರೂ ಇದ್ದರು. ಒಂದೇ ಬೀದಿಯ ಹುಡುಗರು ಸೇರಿದರೆ ಆಗುವಂಥ ತಂಡ.

ಮೊದಲ ವರ್ಷಗಳಲ್ಲಿ ಅವರು ಹಾಡಿದ್ದು ಸ್ವಂತ ಹಾಡುಗಳನ್ನು. ನಿರುದ್ಯೋಗ, ಹಸಿವು, ವರ್ಣಭೇದ ಇವೇ ವಿಷಯ. 1981ರ ಒಂದು ಹಾಡಿನ ಹೆಸರೇ "ಒನ್ ಇನ್ ಟೆನ್", ಹತ್ತರಲ್ಲಿ ಒಬ್ಬ. ಅವರ ಭಾಗದಲ್ಲಿ ಕೆಲಸವಿಲ್ಲದವರ ಲೆಕ್ಕ ಅದು. ಸರ್ಕಾರದ ಪಟ್ಟಿಯಲ್ಲಿ ಬರೀ ಒಂದು ಅಂಕಿಯಾಗಿ ಉಳಿದವನ ಹಾಡು.

ಇಂಥ ತಂಡ 1983ರಲ್ಲಿ "ಲೇಬರ್ ಆಫ್ ಲವ್" ಎಂಬ ಆಲ್ಬಂ ತಂದಿತು. ಹತ್ತು ಹಾಡು. ಹತ್ತೂ ಬೇರೆಯವರವು. ಹೆಸರಿನ ಅರ್ಥ ಪ್ರೀತಿಗಾಗಿ ಮಾಡಿದ ದುಡಿಮೆ. ತಾವು ಹುಡುಗರಾಗಿದ್ದಾಗ ಕೇಳಿ ಮೆಚ್ಚಿದ್ದ ರೆಗೆ ಹಾಡುಗಳನ್ನು ಮತ್ತೆ ಹಾಡಿ, ಅವು ಗೊತ್ತಿಲ್ಲದ ಜನರಿಗೆ ಮುಟ್ಟಿಸಬೇಕು ಅನ್ನುವುದು ಅವರ ಆಸೆ. ಜಮೈಕಾದ 1971ರ ಹಾಡಿನ ಸ್ಪರ್ಧೆಯಲ್ಲಿ ಗೆದ್ದಿದ್ದ ಎರಿಕ್ ಡೊನಾಲ್ಡ್‌ಸನ್ ಅವರ "ಚೆರ್ರಿ ಓ ಬೇಬಿ" ಅದರಲ್ಲಿತ್ತು. ಜಿಮ್ಮಿ ಕ್ಲಿಫ್ ಅವರ "ಮೆನಿ ರಿವರ್ಸ್ ಟು ಕ್ರಾಸ್" ಇತ್ತು, ಹದಿಹರೆಯ ಮುಗಿಯುವ ಮೊದಲೇ ಜಮೈಕಾ ಬಿಟ್ಟು ಬ್ರಿಟನ್‌ಗೆ ಬಂದು ಪಟ್ಟ ಪಾಡಿನಿಂದ ಹುಟ್ಟಿದ ಹಾಡು. ಮತ್ತು "ರೆಡ್ ರೆಡ್ ವೈನ್" ಇತ್ತು.

ಈ ಕೊನೆಯದರ ಕಥೆ ಕೇಳಿ. ಟೋನಿ ಟ್ರೈಬ್ ಎಂಬ ಜಮೈಕಾದ ಗಾಯಕ 1969ರಲ್ಲಿ ಹಾಡಿದ ರೆಗೆ ಹಾಡು ಅಂತಲೇ ಹುಡುಗರಿಗೆ ಗೊತ್ತಿದ್ದದ್ದು. ರೆಕಾರ್ಡಿನ ನಡುವೆ ಅಂಟಿಸಿದ ದುಂಡನೆಯ ಚೀಟಿಯಲ್ಲಿ ಬರೆದವರ ಹೆಸರು "ಎನ್. ಡೈಮಂಡ್" ಎಂದಿತ್ತು. ಯಾರೋ ನೀಗಸ್ ಡೈಮಂಡ್ ಎಂಬ ಜಮೈಕಾದವನಿರಬೇಕು ಅಂದುಕೊಂಡಿದ್ದೆವು ಎಂದು ತಂಡದ ಆಸ್ಟ್ರೊ ಮುಂದೆ ನಗುತ್ತ ಹೇಳಿಕೊಂಡರು. ಆದರೆ ಆ ಎನ್. ಡೈಮಂಡ್ ಅಂದರೆ ನೀಲ್ ಡೈಮಂಡ್. ನ್ಯೂಯಾರ್ಕಿನ ಬಿಳಿಯ ಗಾಯಕ, ಆ ಹೊತ್ತಿಗಾಗಲೇ ದೊಡ್ಡ ತಾರೆ. ಅವರು 1967ರಲ್ಲಿ ಹಾಡಿದ್ದು ನಿಧಾನದ, ವ್ಯಥೆಯ ಹಾಡು. ಅಮೆರಿಕದಲ್ಲೇ ಅದು ಹೆಚ್ಚು ಓಡಲಿಲ್ಲ.

ಯುಬಿ40 ಹಾಡಿದ ಮೇಲೆ ಅದು 1983ರಲ್ಲಿ ಬ್ರಿಟನ್‌ನಲ್ಲಿ ನಂಬರ್ ಒನ್. ಐದು ವರ್ಷದ ನಂತರ ನೆಲ್ಸನ್ ಮಂಡೇಲಾ ಅವರ 70ನೇ ಹುಟ್ಟುಹಬ್ಬಕ್ಕೆ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ನಡೆದ ಕಾರ್ಯಕ್ರಮದಲ್ಲಿ (ಮಂಡೇಲಾ ಆಗಿನ್ನೂ ಜೈಲಿನಲ್ಲಿದ್ದರು) ತಂಡ ಈ ಹಾಡು ಹಾಡಿತು. ಅಮೆರಿಕದ ಅರಿಜೋನಾದ ಒಂದು ರೇಡಿಯೊ ಕೇಂದ್ರ ಅದನ್ನು ಮತ್ತೆ ಮತ್ತೆ ಹಾಕತೊಡಗಿತು. 1988ರ ಅಕ್ಟೋಬರ್‌ನಲ್ಲಿ ಅಲ್ಲಿಯೂ ನಂಬರ್ ಒನ್.

ಈಗ ಲೆಕ್ಕಕ್ಕೆ ಬರೋಣ. ಯಾರಿಗೆ ಎಷ್ಟು ಸಿಕ್ಕಿತು?

ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತವೆ. ಹಾಡು ಬರೆದು ರಾಗ ಹಾಕಿದವರದು ಒಂದು, ಹಾಡಿಸಿ ರೆಕಾರ್ಡ್ ಮಾಡಿದವರದು ಇನ್ನೊಂದು. ಹೊಲ ಒಬ್ಬರದು, ಆ ವರ್ಷದ ಬೆಳೆ ಇನ್ನೊಬ್ಬರದು ಅನ್ನೋಣ. ಕವರ್ ಮಾಡುವವರು ಹೊಸ ಬೆಳೆ ತೆಗೆಯುತ್ತಾರೆ, ಹೊಲದ ಗುತ್ತಿಗೆ ಕೊಡಬೇಕು. ಆಗ ಬ್ರಿಟನ್‌ನಲ್ಲಿ ಇದ್ದ 1956ರ ಕಾನೂನಿನ ಪ್ರಕಾರ, ಒಮ್ಮೆ ರೆಕಾರ್ಡ್ ಆಗಿ ಮಾರಾಟವಾದ ಹಾಡನ್ನು ಇನ್ನೊಬ್ಬರು ರೆಕಾರ್ಡ್ ಮಾಡಲು ಬರೆದವರ ಕಾಲು ಹಿಡಿಯಬೇಕಾಗಿರಲಿಲ್ಲ. ನೋಟಿಸ್ ಕೊಟ್ಟು, ಅಂಗಡಿಯ ಮಾರಾಟ ಬೆಲೆಯ ಮೇಲೆ ನೂರಕ್ಕೆ 6.25ರಂತೆ ರಾಯಲ್ಟಿ ಕಟ್ಟಿದರೆ ಸಾಕು. ನೂರು ರೂಪಾಯಿಯ ರೆಕಾರ್ಡಿನಲ್ಲಿ ಹತ್ತು ಹಾಡಿದ್ದರೆ ಒಂದೊಂದು ಹಾಡಿಗೆ ಸುಮಾರು 62 ಪೈಸೆ. ಇಷ್ಟೇನಾ ಅನ್ನಿಸಬಹುದು. ಲಕ್ಷಗಟ್ಟಲೆ ರೆಕಾರ್ಡು ಖರ್ಚಾದಾಗ, ದೇಶ ದೇಶದ ರೇಡಿಯೊದಲ್ಲಿ ಹಾಡು ಬಂದಾಗಲೆಲ್ಲ ಬೇರೆ ಶುಲ್ಕವೂ ಸೇರಿದಾಗ, ಅದು ದೊಡ್ಡ ಮೊತ್ತ.

"ರೆಡ್ ರೆಡ್ ವೈನ್" ಹಾಡಿನ ಆ ಪಾಲು ಹೋದದ್ದು ಬರೆದವರ ಕಡೆಗೆ. ಹುಡುಗರು ಆ ಹೆಸರನ್ನು ನೀಗಸ್ ಅಂತ ಓದಿಕೊಂಡರೂ ಚೀಟಿಯಲ್ಲಿ ಹೆಸರಿತ್ತಲ್ಲ, ಅಷ್ಟು ಸಾಕಾಯಿತು. ಸಮುದ್ರ ದಾಟಿ, ಕೈ ಬದಲಾಗಿ, ತಾಳ ಬದಲಾಗಿ ಬಂದ ಹಾಡಿನ ದುಡ್ಡು ದಾರಿ ತಪ್ಪದೆ ಮನೆಗೆ ಹೋಯಿತು.

ಟೋನಿ ಟ್ರೈಬ್‌ಗೆ? ಆ ಹಾಡಿಗೆ ರೆಗೆ ನಡಿಗೆ ಕೊಟ್ಟದ್ದು ಅವರ ರೆಕಾರ್ಡು. ಅದು ಇಲ್ಲದಿದ್ದರೆ ಬರ್ಮಿಂಗ್‌ಹ್ಯಾಮ್‌ನ ಹುಡುಗರ ಕಿವಿಗೆ ಹಾಡು ಬೀಳುತ್ತಲೇ ಇರಲಿಲ್ಲ. ಆದರೆ ಕಾನೂನಿನ ಕಣ್ಣಿನಲ್ಲಿ ಹಾಡು ಅಂದರೆ ಮಾತು ಮತ್ತು ರಾಗ. ತಾಳ ಬದಲಿಸಿದ್ದು, ಬೇಸ್ ಗಿಟಾರಿನ ಓಟ ಹುಡುಕಿದ್ದು, ಕುಣಿಯುವ ಹಾಗೆ ಮಾಡಿದ್ದು ಬರವಣಿಗೆಯ ಪಾಲಿನಲ್ಲಿ ಬರುವುದಿಲ್ಲ. ರೆಗೆಯ ಜೀವ ಇರುವುದೇ ಈ ಓಟದಲ್ಲಿ. ಜಮೈಕಾದಲ್ಲಿ ಅದಕ್ಕೆ ರಿಡಿಂ ಅನ್ನುತ್ತಾರೆ. ಒಂದೇ ರಿಡಿಂ ಮೇಲೆ ಹತ್ತಾರು ಜನ ತಮ್ಮ ತಮ್ಮ ಹಾಡು ಹಾಡುವುದು ಅಲ್ಲಿ ಮಾಮೂಲು. ರೆಕಾರ್ಡಿನ ಹಿಂದಿನ ಮಗ್ಗುಲಲ್ಲಿ ಬರೀ ವಾದ್ಯ ಹಾಕಿ ಅದಕ್ಕೆ "ವರ್ಶನ್" ಎಂದು ಹೆಸರಿಡುತ್ತಿದ್ದರು. ಆ ಓಟ ಹುಡುಕಿದ ವಾದ್ಯಗಾರರಿಗೆ ಹೆಚ್ಚಿನ ಸಲ ಸಿಕ್ಕಿದ್ದು ದಿನಗೂಲಿ ಮಾತ್ರ. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ನೀಲ್ ಡೈಮಂಡ್ ಅವರೇ ಮುಂದೆ ತಮ್ಮ ಕಾರ್ಯಕ್ರಮಗಳಲ್ಲಿ ಯುಬಿ40 ಮಾದರಿಯ ರೆಗೆ ತಾಳದಲ್ಲಿ ಈ ಹಾಡು ಹಾಡತೊಡಗಿದರು. ತಾಳದ ಬೆಲೆ ಏನು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಜಮೈಕಾದಲ್ಲಿ ಹಾಡು ಬರೆದವರ ಪಾಡೂ ಹೆಚ್ಚು ಬೇರೆ ಇರಲಿಲ್ಲ. 1960, 70ರ ದಶಕದಲ್ಲಿ ಕಿಂಗ್‌ಸ್ಟನ್ ನಗರದ ಸ್ಟುಡಿಯೊ ಮುಂದೆ ಹಳ್ಳಿಯಿಂದ ಬಂದ ಹುಡುಗರು ಸಾಲು ನಿಂತಿರುತ್ತಿದ್ದರು. ಹಾಡು ಇಷ್ಟವಾದರೆ ನಿರ್ಮಾಪಕ ಒಂದಿಷ್ಟು ದುಡ್ಡು ಕೈಗಿಟ್ಟು ಕಳಿಸುವುದು. ಆಮೇಲೆ ಅದು ಎಷ್ಟು ಮಾರಾಟವಾದರೂ ಹಾಡಿದವನಿಗೆ ಸಂಬಂಧವಿಲ್ಲ. 1972ರ "ದಿ ಹಾರ್ಡರ್ ದೆ ಕಮ್" ಸಿನಿಮಾ ತೋರಿಸುವುದು ಇದನ್ನೇ. ಜಿಮ್ಮಿ ಕ್ಲಿಫ್ ಅದರ ಹೀರೊ. ಹಳ್ಳಿಯಿಂದ ಬಂದ ಐವಾನ್ ಎಂಬ ಹುಡುಗ ಒಂದು ಹಾಡು ರೆಕಾರ್ಡ್ ಮಾಡುತ್ತಾನೆ. ನಿರ್ಮಾಪಕ 20 ಡಾಲರ್ ಕೊಡುತ್ತೇನೆ, ಸಹಿ ಹಾಕು ಅನ್ನುತ್ತಾನೆ. ಐವಾನ್ ಒಪ್ಪದೆ ಊರೆಲ್ಲ ತಿರುಗುತ್ತಾನೆ. ನಿರ್ಮಾಪಕನ ಮಾತಿಲ್ಲದೆ ಯಾರೂ ಆ ಹಾಡು ಹಾಕುವುದಿಲ್ಲ. ಕೊನೆಗೆ ಸೋತು ಬಂದು ಅದೇ 20 ಡಾಲರಿಗೆ ಸಹಿ ಹಾಕುತ್ತಾನೆ. ಸಂತೆಗೆ ಟೊಮೆಟೊ ತಂದು, ದಲ್ಲಾಳಿ ಹೇಳಿದ ಬೆಲೆ ಬೇಡವೆಂದು ಮಧ್ಯಾಹ್ನದವರೆಗೆ ಕಾದು, ಕಡೆಗೆ ಅದೇ ಬೆಲೆಗೆ ಕೊಟ್ಟು ಬಂದವರಿಗೆ ಆ ದೃಶ್ಯ ಚೆನ್ನಾಗಿ ಅರ್ಥವಾಗುತ್ತದೆ. ಯುಬಿ40 ಆಲ್ಬಮಿನ ಎರಡು ಹಾಡು ಆ ಸಿನಿಮಾದಲ್ಲಿ ಇದ್ದವೇ.

ಇನ್ನು ನಾನು ಹೇಳಿದ ಮುದುಕ ಗಾಯಕ. ಹೆಸರು ಲಾರ್ಡ್ ಕ್ರಿಯೇಟರ್. ಹುಟ್ಟಿದ್ದು ಟ್ರಿನಿಡಾಡ್‌ನಲ್ಲಿ, ಬಾಳಿದ್ದು ಜಮೈಕಾದಲ್ಲಿ. 1962ರಲ್ಲಿ ಜಮೈಕಾ ಬ್ರಿಟಿಷರಿಂದ ಸ್ವತಂತ್ರವಾದಾಗ ಅದರ ಸಂಭ್ರಮದ ಹಾಡು ಹಾಡಿ ಹೆಸರು ಮಾಡಿದವರು. 1970ರಲ್ಲಿ "ಕಿಂಗ್‌ಸ್ಟನ್ ಟೌನ್" ಎಂಬ ಹಾಡು ಬರೆದು ಹಾಡಿದರು. ಅದು ಓಡಲಿಲ್ಲ. ವರ್ಷ ಕಳೆದಂತೆ ಅವರು ಕಷ್ಟಕ್ಕೆ ಬಿದ್ದರು, ಜನ ಮರೆತರು. ಯುಬಿ40 ತನ್ನ ಎರಡನೆಯ ಕವರ್ ಆಲ್ಬಮಿಗೆ 1989ರಲ್ಲಿ ಆ ಹಾಡನ್ನು ಆರಿಸಿಕೊಂಡಿತು. ಬ್ರಿಟನ್‌ನಲ್ಲಿ ಅದು ನಾಲ್ಕನೇ ಸ್ಥಾನಕ್ಕೆ ಏರಿತು, ಫ್ರಾನ್ಸ್‌ನಲ್ಲಿ ಮೊದಲನೇ ಸ್ಥಾನ. ಹಾಡಿನ ಹಕ್ಕು ಲಾರ್ಡ್ ಕ್ರಿಯೇಟರ್ ಬಳಿ ಇತ್ತು. ರಾಯಲ್ಟಿ ಅವರ ಕೈ ಸೇರಿತು, ಮುರಿದಿದ್ದ ಬದುಕು ನೆಟ್ಟಗಾಯಿತು. 2023ರಲ್ಲಿ ಅವರು ತೀರಿಕೊಂಡರು. ಇಪ್ಪತ್ತು ವರ್ಷ ಹಳೆಯ, ಸೋತ ಹಾಡೊಂದು ಮುಪ್ಪಿಗೆ ಆಸರೆಯಾಯಿತು.

ನನ್ನ ಇಡೀ ವಾದ ನಿಂತಿರುವುದು ಈ ಮನುಷ್ಯನ ಮೇಲೆ. ಕವರ್ ಹಾಡು ಮೂಲ ಹಾಡಿನ ಬಾಯಿಂದ ಕಿತ್ತುಕೊಂಡ ತುತ್ತೇ ಆಗಬೇಕೆಂದಿಲ್ಲ. ಹೆಸರು ನೆಟ್ಟಗೆ ಬರೆದು ಲೆಕ್ಕ ಸರಿಯಾಗಿ ಕಟ್ಟಿದರೆ ಅದೇ ತುತ್ತು ತಿರುಗಿ ಹೋಗುತ್ತದೆ.

ಹಾಗೆಂದು ಯುಬಿ40 ಮಾಡಿದ್ದೆಲ್ಲ ಬಂಗಾರ ಅಂತ ಹೇಳಲಾರೆ. ಮೊದಲ ಕವರ್ ಆಲ್ಬಂ ಪ್ರೀತಿಯ ದುಡಿಮೆ ನಿಜ. ಆಮೇಲೆ ಎರಡನೆಯದು, 1998ರಲ್ಲಿ ಮೂರನೆಯದು, 2010ರಲ್ಲಿ ನಾಲ್ಕನೆಯದು ಬಂತು. ಗೆದ್ದ ಕುದುರೆಯನ್ನೇ ಮತ್ತೆ ಮತ್ತೆ ಓಡಿಸಿದ ಹಾಗೆ. ಬ್ರಿಟನ್‌ನಲ್ಲಿ ಅವರ ಮೂರು ನಂಬರ್ ಒನ್ ಹಾಡುಗಳೂ ಬೇರೆಯವರವೇ. ನಿರುದ್ಯೋಗದ ಹಾಡು ಹಾಡಿದ ತಂಡವನ್ನು ಜಗತ್ತು ಇಂದು ನೆನೆಯುವುದು ಮದುವೆ ಪಾರ್ಟಿಯಲ್ಲಿ ಕುಣಿಯುವ ಹಾಡಿಗಾಗಿ. ನನ್ನ ಮಟ್ಟಿಗೆ "ಒನ್ ಇನ್ ಟೆನ್" ಅವರ ಎಲ್ಲ ಕವರ್‌ಗಳಿಗಿಂತ ದೊಡ್ಡದು. ಕವರ್ ಹಾಡಿನ ಗೆಲುವಿಗೆ ಅವರು ತೆತ್ತ ಬೆಲೆ ಇದು, ಬೇರೆ ಯಾರದೂ ಅಲ್ಲ.

ತಂಡದ ಮುಂದಿನ ಕಥೆ ಚೆನ್ನಾಗಿಲ್ಲ. 2008ರಲ್ಲಿ ಹಣಕಾಸು ನಿರ್ವಹಣೆಯ ತಕರಾರಿನಿಂದ ಅಲಿ ಹೊರಟುಹೋದರು. 2011ರಲ್ಲಿ ಕೆಲವು ಸದಸ್ಯರು ದಿವಾಳಿಯಾದರು. ಅಣ್ಣ ತಮ್ಮಂದಿರು ಯುಬಿ40 ಎಂಬ ಹೆಸರಿಗಾಗಿ ಕೋರ್ಟು ಹತ್ತಿದರು. ಬೇರೆಯವರ ಹೆಸರನ್ನು ಚೀಟಿಯ ಮೇಲೆ ಸರಿಯಾಗಿ ಬರೆದವರು ತಮ್ಮ ಹೆಸರಿಗೇ ಜಗಳವಾಡಿದರು.

ನಮ್ಮ ದೇಶದ ಕಥೆಯನ್ನೂ ಸ್ವಲ್ಪ ನೋಡಬೇಕು, ಯಾಕೆಂದರೆ ಇಲ್ಲಿಯೂ ಇದೇ ಕಾನೂನಿನ ತಂಗಿಯಂಥ ಕಾನೂನಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ಹಾಡು ಒಮ್ಮೆ ರೆಕಾರ್ಡ್ ಆದ ಮೇಲೆ ನೋಟಿಸ್ ಮತ್ತು ರಾಯಲ್ಟಿ ಕೊಟ್ಟು ಬೇರೆಯವರು ಹಾಡಿಸಬಹುದು ಎಂದಿತ್ತು. 1980ರ ದಶಕದಲ್ಲಿ ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಹಳೆಯ ಹಿಂದಿ ಸಿನಿಮಾ ಹಾಡುಗಳನ್ನು ಹೊಸ ಗಾಯಕರಿಂದ ಹಾಡಿಸಿ ಅಗ್ಗದ ಕ್ಯಾಸೆಟ್ ಮಾಡಿದ್ದು ಈ ಬಾಗಿಲಿನಿಂದಲೇ. ಅದರಿಂದ ಬಡವರ ಮನೆಗೂ ಹಾಡು ಬಂತು, ಹೊಸ ಗಾಯಕರಿಗೆ ಕೆಲಸ ಸಿಕ್ಕಿತು, ಇದನ್ನು ಮರೆಯಬಾರದು. 2012ರ ತಿದ್ದುಪಡಿ ನಿಯಮ ಬಿಗಿ ಮಾಡಿತು. ಈಗ ಐದು ವರ್ಷ ಕಾಯಬೇಕು. ವರ್ಷಕ್ಕೆ ಕನಿಷ್ಠ 50,000 ಪ್ರತಿಯ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು. ಹೊದಿಕೆಯ ಮೇಲೆ ಇದು ಕವರ್ ವರ್ಶನ್ ಎಂದು ಬರೆಯಬೇಕು. ಇದು ಧ್ವನಿಮುದ್ರಣಕ್ಕೆ ಮಾಡಿದ ನಿಯಮ. ಯೂಟ್ಯೂಬ್‌ನಲ್ಲಿ ಹಾಕುವ ವಿಡಿಯೊ ವಿಷಯ ಬೇರೆ. ಅಲ್ಲಿ ಕಂಟೆಂಟ್ ಐಡಿ ಎಂಬ ಯಂತ್ರ ಹಾಡನ್ನು ಗುರುತಿಸಿದರೆ ಜಾಹೀರಾತಿನ ದುಡ್ಡು ಹಕ್ಕುದಾರ ಕಂಪನಿಗೆ ಹೋಗಬಹುದು, ಇಲ್ಲವೆ ವಿಡಿಯೊ ಇಳಿಯಬಹುದು.

ಅಂದರೆ ಸಿನಿಮಾ ಹಾಡಿಗೆ ಕಾವಲುಗಾರರಿದ್ದಾರೆ. ತಂಬೂರಿ ಪದಕ್ಕೆ, ಗೀಗೀ ಪದಕ್ಕೆ, ಸೋಬಾನೆಗೆ, ನಾಟಿ ಹಾಕುವಾಗ ಹಾಡುವ ಪದಕ್ಕೆ ಯಾರಿದ್ದಾರೆ? ಅಜ್ಜಿಯೊಬ್ಬರು ಹಾಡಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗುತ್ತಾರೆ. ಅದಕ್ಕೆ ಕೀಬೋರ್ಡು, ರಿದಮ್ ಪ್ಯಾಡು ಸೇರಿಸಿ ಹೊಸ ಗಾಯಕರಿಂದ ಹಾಡಿಸುತ್ತಾರೆ. ಕೆಳಗೆ "ಸಾಹಿತ್ಯ: ಜನಪದ" ಎಂದು ಒಂದೇ ಪದ. ಅದರ ಕೆಳಗೆ ಎಲ್ಲ ಹಕ್ಕುಗಳೂ ಈ ಚಾನೆಲ್‌ನವು ಎಂಬ ಸಾಲು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಳ್ಳುವುದು ಅಂದರೆ ಇದೇ.

ಜನಪದ ಹಾಡು ಎಲ್ಲರದು, ಅದಕ್ಕೆ ಹೆಸರು ಯಾಕೆ ಎಂದು ವಾದಿಸುವವರಿದ್ದಾರೆ. ಹಾಡು ಎಲ್ಲರದು ಒಪ್ಪೋಣ. ಆದರೆ ಆ ಹಾಡನ್ನು ಮರೆಯದೆ ಉಳಿಸಿ, ನಿಮ್ಮ ಮೊಬೈಲಿನ ಮುಂದೆ ಕೂತು ಹಾಡಿದ ಗಂಟಲು ಎಲ್ಲರದಲ್ಲ. ಆ ಮಟ್ಟು, ಆ ಎಳೆತ, ನಡುವೆ ಸೇರಿಸಿದ ಊರ ದೇವರ ಹೆಸರು ಒಬ್ಬರದು. ಟೋನಿ ಟ್ರೈಬ್ ರೆಕಾರ್ಡಿನ ತಾಳಕ್ಕೆ ಕಾನೂನು ಬೆಲೆ ಕಟ್ಟಲಿಲ್ಲ, ನಿಜ. ಆದರೆ ತಾವು ಆ ಹಾಡನ್ನು ಕಲಿತದ್ದು ಟೋನಿ ಟ್ರೈಬ್ ರೆಕಾರ್ಡಿನಿಂದ ಎಂದು ಯುಬಿ40 ಹುಡುಗರು ಹೇಳಿದರು. ಹೇಳಿದ್ದರಿಂದಲೇ ಈ ಹೆಸರು ಇಷ್ಟು ವರ್ಷದ ಮೇಲೆ ಕನ್ನಡದ ಒಂದು ಬರಹದವರೆಗೂ ಬಂದಿದೆ.

ನಮ್ಮ ಹುಡುಗ ಹುಡುಗಿಯರು ಕವರ್ ಹಾಡಲಿ, ಜಾತ್ರೆಯಲ್ಲಿ ಹಾಡಲಿ, ರೀಲ್ಸ್‌ನಲ್ಲಿ ಹಾಡಲಿ. ವಿಡಿಯೊ ಕೆಳಗೆ ಬರೆಯಲು ಬೇಕಾದಷ್ಟು ಜಾಗವಿದೆ, ಅದಕ್ಕೆ ಕಾಸು ಬೇಕಿಲ್ಲ. ಬರೆದವರು ಯಾರು, ರಾಗ ಯಾರದು, ಮೊದಲು ಹಾಡಿದವರು ಯಾರು, ಯಾವ ಊರಿನ ಯಾರಿಂದ ಕಲಿತದ್ದು ಎಂದು ಹಾಕಿ. ಚಾನೆಲ್‌ಗೆ ದುಡ್ಡು ಬರುತ್ತಿದ್ದರೆ ಅದರಲ್ಲಿ ಹಾಡು ಕೊಟ್ಟವರ ಪಾಲು ಎಷ್ಟು ಎಂದು ಮೊದಲೇ ಮಾತಾಡಿ, ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿ. ಹಾಡುವ ಹಿರಿಯರಿಗೆ ಓದು ಬಾರದಿದ್ದರೆ ಮನೆಯವರನ್ನು ಕೂರಿಸಿಕೊಂಡು ಓದಿ ಹೇಳಿ. ಅವರ ಹೆಸರನ್ನು ಬರೆಯುವಾಗ ಇನಿಶಿಯಲ್ ಹಾಕಿ ಮುಗಿಸಬೇಡಿ, ಪೂರ್ತಿ ಬರೆಯಿರಿ. ಎನ್. ಡೈಮಂಡ್ ಎಂದು ಬರೆದದ್ದಕ್ಕೆ ನೀಗಸ್ ಆದ ಕಥೆ ಕೇಳಿದಿರಲ್ಲ.